ಕಂಪನಿ ಡಬ್ಬಿಯ ಬೆನ್ನಿಗೆ ನಮ್ಮದೊಂದು ರೂಟರ್

ಮನೆಗೆ ಫೈಬರ್ ಎಳೆದ ದಿನ ಕಂಪನಿಯವರು ಗೋಡೆಗೆ ಮೊಳೆ ಹೊಡೆದು ತೂಗುಹಾಕಿ ಹೋಗುವ ಬಿಳಿ ಡಬ್ಬಿಯ ಮೇಲೆ ನನಗೆ ಸಿಟ್ಟೇನೂ ಇಲ್ಲ. ಪ್ಲಾನಿನ ಜೊತೆಗೆ ಬಂದದ್ದು, ತನ್ನ ಪಾಡಿಗೆ ತಾನು ಮಿಣಮಿಣ ಎನ್ನುತ್ತ ಕೂತಿರುತ್ತದೆ. ತಕರಾರು ಒಂದೇ, ಅದು ನಮ್ಮದಲ್ಲ. ಸಂಪರ್ಕ ಬಿಡಿಸಿದ ದಿನ ಬಿಚ್ಚಿಕೊಂಡು ಹೋಗುತ್ತಾರೆ, ಕೆಟ್ಟರೆ ಬೇರೆಯದು ತಂದು ಕೂರಿಸುತ್ತಾರೆ, ನಾವು ಮಲಗಿರುವಾಗ ದೂರದಿಂದಲೇ ಅದರ ತಂತ್ರಾಂಶ ಬದಲಿಸುತ್ತಾರೆ. ಹೀಗೆ ಇನ್ನೊಬ್ಬರ ಸ್ವತ್ತಾದ ಡಬ್ಬಿಯನ್ನು ನಂಬಿಕೊಂಡು ನಮ್ಮ ಟಿವಿ, ಫೋನು, ಲ್ಯಾಪ್‌ಟಾಪು, ಪ್ರಿಂಟರು, ಬಾಗಿಲ ಕ್ಯಾಮೆರಾ ಎಲ್ಲವೂ ಬದುಕುತ್ತಿರುತ್ತವೆ. ಡಬ್ಬಿ ಬದಲಾಯಿತೋ, ವೈಫೈ ಹೆಸರೂ ಬದಲು, ಪಾಸ್‌ವರ್ಡೂ ಬದಲು. ಒಂದೊಂದು ಯಂತ್ರದ ಮುಂದೆಯೂ ಕೂತು ಮತ್ತೆ ಅಕ್ಷರಾಭ್ಯಾಸ ಮಾಡಿಸಬೇಕು.

ಅದಕ್ಕೇ ಅವರ ಡಬ್ಬಿಯ ಹಿಂದೆ ನಮ್ಮದೇ ಒಂದು ರೂಟರ್ ಇರಲಿ ಎನ್ನುವುದು. ಅವರದನ್ನು ಕಿತ್ತೆಸೆಯಬೇಕಿಲ್ಲ. ಅದರ ಕೆಲಸವನ್ನು ಆದಷ್ಟು ಕಡಿಮೆ ಮಾಡಿ, ಮನೆಯೊಳಗಿನ ಕಾರುಬಾರನ್ನೆಲ್ಲ ನಮ್ಮ ಕೈಗೆ ತೆಗೆದುಕೊಂಡರೆ ಸಾಕು. ಕಂಪನಿ ಬದಲಾಗಲಿ, ಡಬ್ಬಿ ಬದಲಾಗಲಿ, ಒಂದು ತಂತಿ ಕಿತ್ತು ಇನ್ನೊಂದಕ್ಕೆ ಚುಚ್ಚಿದರೆ ಮುಗಿಯಿತು. ಮನೆಯ ಯಂತ್ರಗಳಿಗೆ ಸುದ್ದಿಯೇ ಗೊತ್ತಾಗುವುದಿಲ್ಲ.

"ಹಂಗ್ ಮಾಡಿದ್ರೆ ಸ್ಪೀಡ್ ಜಾಸ್ತಿ ಆಗುತ್ತಾ ಸಾರ್?" ಎಂಬುದು ಎಲ್ಲರೂ ಕೇಳುವ ಮೊದಲ ಪ್ರಶ್ನೆ. ಆಗುವುದಿಲ್ಲ. ನೂರರ ಪ್ಲಾನು ನೂರೇ ಕೊಡುತ್ತದೆ. ಸಾವಿರಾರು ರೂಪಾಯಿಯ, ಜೇಡದಂತೆ ಆ್ಯಂಟೆನಾ ಚಾಚಿದ ರೂಟರ್ ತಂದರೂ ಅದು ನೂರೊಂದಾಗುವುದಿಲ್ಲ. ಒಳಕೋಣೆಯಲ್ಲಿ ಬರದಿದ್ದ ವೈಫೈ ಬರಬಹುದು, ಮೀಟಿಂಗಿನ ನಡುವೆ ಮಾತು ಕತ್ತರಿಸುವುದು ನಿಲ್ಲಬಹುದು. ಅದು ಬೇರೆ ವಿಷಯ, ಅದಕ್ಕೆ ಬರುತ್ತೇನೆ.

ಕಿತ್ತೆಸೆಯುವುದು ಯಾಕೆ ಬೇಡ ಎಂದರೆ, ಫೈಬರ್‌ನಲ್ಲಿ ಬರುವ ಬೆಳಕನ್ನು ತಂತಿಯ ಸಂಕೇತವಾಗಿಸುವ ಕೆಲಸ ಆ ಡಬ್ಬಿಯದು. ಬಲ್ಲವರು ಅದನ್ನು ಒಎನ್‌ಟಿ ಎನ್ನುತ್ತಾರೆ. ದೊಡ್ಡ ಕಂಪನಿಗಳಲ್ಲಿ ಹೆಚ್ಚಾಗಿ ಜಿಪಾನ್ ಪದ್ಧತಿ. ಊರಿನ ಕೇಬಲ್ ಆಪರೇಟರುಗಳಲ್ಲಿ ಇಪಾನ್ ಕೂಡ ಉಂಟು. ಕೇಂದ್ರದಿಂದ ಹೊರಟ ಒಂದೇ ಗಾಜಿನ ಎಳೆ ಕಂಬದ ಮೇಲಿನ ಸ್ಪ್ಲಿಟರ್‌ನಲ್ಲಿ ಒಡೆದು 32 ಅಥವಾ 64 ಮನೆಗಳಿಗೆ ಹಂಚಿಹೋಗುತ್ತದೆ. ಜಿಪಾನ್‌ನಲ್ಲಿ ಕೇಂದ್ರದಿಂದ ಬರುವ ಬೆಳಕು 1490 ನ್ಯಾನೋಮೀಟರಿನದು, ನಾವು ಕಳಿಸುವುದು 1310ರದು. ಬರುವುದಕ್ಕೆ ಸೆಕೆಂಡಿಗೆ ಸುಮಾರು 2.5 ಗಿಗಾಬಿಟ್, ಹೋಗುವುದಕ್ಕೆ 1.25. ಇದು ಅಷ್ಟೂ ಮನೆಗಳಿಗೆ ಸೇರಿದ ಒಟ್ಟು ಪಾಲು. ಒಂದೊಂದು ಮನೆಯ ಡಬ್ಬಿಯೂ ಕೇಂದ್ರ ಗೊತ್ತುಮಾಡಿದ ಕ್ಷಣದಲ್ಲಿ ಮಾತ್ರ ಬೆಳಕು ಚಿಮ್ಮಿಸಬೇಕು. ಒಂದು ಮನೆಯ ಡಬ್ಬಿ ಸರದಿ ತಪ್ಪಿ ಚಿಮ್ಮಿಸಿದರೂ ಆ ಎಳೆಯ ಮೇಲಿರುವ ಬೀದಿಯ ಮನೆಗಳೆಲ್ಲ ತತ್ತರಿಸುತ್ತವೆ. ಆದ್ದರಿಂದಲೇ ಡಬ್ಬಿಯ ಕ್ರಮಸಂಖ್ಯೆ ಕೇಂದ್ರದಲ್ಲಿ ನೋಂದಣಿಯಾಗದೆ ಅದು ಮಾತಾಡುವಂತಿಲ್ಲ. ಜರ್ಮನಿಯಲ್ಲಿ 2016ರ ಆಗಸ್ಟ್ 1ರಿಂದ ಗ್ರಾಹಕ ತನಗೆ ಬೇಕಾದ ರೂಟರ್ ಇಟ್ಟುಕೊಳ್ಳುವ ಹಕ್ಕು ಕಾನೂನಾಗಿಯೇ ಬಂದಿದೆ. ನಮ್ಮ ಬೀದಿಯಲ್ಲಿ ಆ ಜಗಳಕ್ಕೆ ಇಳಿಯುವ ಬದಲು ಡಬ್ಬಿಯನ್ನು ಇದ್ದಲ್ಲೇ ಬಿಡುವುದು ಜಾಣತನ. ಅದರ ಬೆನ್ನಲ್ಲಿ ಲ್ಯಾಂಡ್‌ಲೈನ್ ಫೋನಿನ ತೂತೂ ಇರುತ್ತದಲ್ಲ, ಕಿತ್ತರೆ ಮನೆಯ ಹಿರಿಯರ ಫೋನೂ ಸತ್ತಿತು.

ಈಗ ಎರಡು ರೂಟರ್ ಒಂದರ ಹಿಂದೊಂದು ಕೂತರೆ 'ಡಬಲ್ ನ್ಯಾಟ್' ಆಗುತ್ತದೆ, ಅದು ಮಹಾಪಾಪ ಎಂದು ಹೆದರಿಸುವವರಿದ್ದಾರೆ. ಆ ಭಯವನ್ನು ಒಮ್ಮೆ ಬಿಚ್ಚಿ ನೋಡೋಣ. ಇಂಟರ್ನೆಟ್ಟಿನ ಹಳೆಯ ಪದ್ಧತಿಯಾದ ಐಪಿವಿ4ರಲ್ಲಿ ವಿಳಾಸಗಳಿರುವುದು ಒಟ್ಟು 429 ಕೋಟಿ ಚಿಲ್ಲರೆ. ಅವು ಸಾಲುವುದಿಲ್ಲವೆಂದು 1990ರ ದಶಕದ ಮೊದಲಿಗೇ ಗೊತ್ತಾಗಿತ್ತು. 1994ರ ಮೇನಲ್ಲಿ ಕ್ಜೆಲ್ಡ್ ಎಗೆವಾಂಗ್ ಮತ್ತು ಪಾಲ್ ಫ್ರಾನ್ಸಿಸ್ ನ್ಯಾಟ್ ಎಂಬ ಉಪಾಯವನ್ನು ಬರೆದಿಟ್ಟರು, ಅದೂ ಸದ್ಯಕ್ಕೆ ಒಂದು ಏರ್ಪಾಡು ಎಂದು. ಹಿಂದೆ ವಠಾರದ ಬಿಡಾರಗಳಿಗೆಲ್ಲ ಕಾಗದ ಮಾಲೀಕರ ಕೇರಾಫ್ ವಿಳಾಸಕ್ಕೇ ಬರುತ್ತಿತ್ತು, ಯಾರದು ಯಾವುದು ಎಂದು ನೋಡಿ ಮಾಲೀಕರ ಮನೆಯವರು ಹಂಚುತ್ತಿದ್ದರು. ನ್ಯಾಟ್ ಮಾಡುವುದೂ ಅಷ್ಟೇ. ಹೊರಗೆ ಒಂದೇ ವಿಳಾಸ, ಒಳಗೆ ಯಾರು ಏನು ಕೇಳಿದರೆಂಬ ಪಟ್ಟಿ ರೂಟರಿನ ಬಳಿ. ಒಳಗಿನವರಿಗೆಂದು 1996ರಲ್ಲಿ ಮೂರು ಸರಣಿಗಳನ್ನು ಮೀಸಲಿಟ್ಟರು: 10ರಿಂದ ಶುರುವಾಗುವವು, 172.16ರಿಂದ 172.31ರವರೆಗಿನವು, ಮತ್ತು ಎಲ್ಲರ ಮನೆಯಲ್ಲೂ ಕಾಣುವ 192.168.

ಸದ್ಯದ ಏರ್ಪಾಡು ಮೂವತ್ತು ವರ್ಷ ದಾಟಿದೆ. 2011ರ ಫೆಬ್ರವರಿಯಲ್ಲಿ ಜಾಗತಿಕ ಉಗ್ರಾಣದ ಕೊನೆಯ ವಿಳಾಸಗಳೂ ಹಂಚಿಹೋದವು. ಮರುವರ್ಷವೇ ಕಂಪನಿಗಳು ತಮ್ಮೊಳಗೆ ಇನ್ನೊಂದು ಸುತ್ತು ನ್ಯಾಟ್ ಮಾಡಿಕೊಳ್ಳಲಿಕ್ಕೆಂದೇ 100.64ರಿಂದ 100.127ರವರೆಗಿನ ಸರಣಿಯನ್ನು ಎತ್ತಿಟ್ಟರು. ಅನುಮಾನವಿದ್ದರೆ ಕಂಪನಿ ಡಬ್ಬಿಯ ಸ್ಟೇಟಸ್ ಪುಟ ತೆರೆದು ವ್ಯಾನ್ ವಿಳಾಸ ನೋಡಿ. ಆ ಸರಣಿಯದೋ 10ರಿಂದ ಶುರುವಾಗುವಂಥದ್ದೋ ಕಂಡರೆ, ನೀವು ರೂಟರ್ ಕೊಳ್ಳುವ ಮೊದಲೇ ಡಬಲ್ ನ್ಯಾಟ್‌ನಲ್ಲಿದ್ದೀರಿ, ಸಿನಿಮಾ ನೋಡಿಕೊಂಡು ಸುಖವಾಗಿಯೇ ಇದ್ದೀರಿ. ನಮ್ಮದು ಸೇರಿದರೆ ಮೂರಾಗುತ್ತದೆ. ಒಳಗಿನಿಂದ ಹೊರಗೆ ಹೋಗುವ ಯಾವ ಕೆಲಸಕ್ಕೂ ಅದರಿಂದ ಅಡ್ಡಿಯಿಲ್ಲ.

ಅಡ್ಡಿ ಬರುವುದು ಹೊರಗಿನಿಂದ ಒಳಗೆ ಬರುವವರಿಗೆ. ಆಟದ ಕನ್ಸೋಲ್‌ಗಳು ಗೊಣಗುತ್ತವೆ. ಆಫೀಸಿನಲ್ಲಿ ಕೂತು ಮನೆಯ ಹಾರ್ಡ್ ಡಿಸ್ಕು ತೆರೆಯುತ್ತೇನೆ ಎನ್ನುವವರಿಗೆ ಎರಡೂ ಡಬ್ಬಿಗಳಲ್ಲಿ ಬಾಗಿಲು ಕೊರೆಯಬೇಕಾಗುತ್ತದೆ. ಕಂಪನಿ ಡಬ್ಬಿಯಲ್ಲಿ ಡಿಎಂಜೆಡ್ ಎಂಬ ಆಯ್ಕೆಯಿದ್ದರೆ ಅಲ್ಲಿ ನಮ್ಮ ರೂಟರಿನ ವಿಳಾಸ ಬರೆದುಬಿಟ್ಟರೆ ಅದು ಒಂದೇ ಬಾಗಿಲಾಗುತ್ತದೆ. ಕಂಪನಿಯೇ ಮೇಲೆ ನ್ಯಾಟ್ ಮಾಡಿದ್ದರೆ ಇದೆಲ್ಲ ಬರೀ ಶ್ರಮ. ಆಗ ವೈರ್‌ಗಾರ್ಡ್ ಆಧಾರಿತ ಟೈಲ್‌ಸ್ಕೇಲ್‌ನಂಥದ್ದನ್ನು ಹಾಕಿಕೊಂಡರೆ ಸಲೀಸು. ಅದು ಒಳಗಿನಿಂದಲೇ ಹೊರಗೆ ಕೈಚಾಚಿ ದಾರಿ ಮಾಡಿಕೊಳ್ಳುತ್ತದೆ.

ಶುದ್ಧಾಚಾರದವರು ಹೇಳುವ ದಾರಿ ಬ್ರಿಡ್ಜ್ ಮೋಡ್. ಕಂಪನಿ ಡಬ್ಬಿ ಬೆಳಕನ್ನು ತಂತಿಗಿಳಿಸಿ ಸುಮ್ಮನಾಗುತ್ತದೆ, ಲಾಗಿನ್ ಆಗುವುದು ನಮ್ಮ ರೂಟರ್. ಕೇಳಲಿಕ್ಕೆ ಚೆಂದ. ಕಂಪನಿ ನಿಮಗೆ ಪಿಪಿಪಿಓಇ ಯೂಸರ್‌ನೇಮು, ಪಾಸ್‌ವರ್ಡು ಮತ್ತು ವಿಲ್ಯಾನ್ ಸಂಖ್ಯೆ ಕೊಟ್ಟಿದ್ದರೆ, ಬರುವ ಹುಡುಗ ತಿಳಿದವನಾಗಿದ್ದರೆ ಮಾಡಿಸಿಕೊಳ್ಳಿ. ಎಂಟಿಯು 1492 ಎಂದು ಬರೆಯುವುದನ್ನು ಮರೆಯಬೇಡಿ, ಪಿಪಿಪಿಓಇ ತನ್ನ ಪಾಲಿಗೆ 8 ಬೈಟು ತಿನ್ನುತ್ತದೆ. ಆದರೆ ಮಳೆಗಾಲದಲ್ಲಿ ಲೈನು ಕಡಿದು ರಿಪೇರಿಗೆ ಬಂದ ಇನ್ನೊಬ್ಬ ಹುಡುಗ ಡಬ್ಬಿಗೆ ರೀಸೆಟ್ ಒತ್ತಿದನೆಂದರೆ ಬ್ರಿಡ್ಜ್ ಹೋಯಿತು, ನೀವು ಮನೆಯಲ್ಲಿಲ್ಲದಿದ್ದರೆ ಇಂಟರ್ನೆಟ್ಟೂ ಹೋಯಿತು. ಡಬಲ್ ನ್ಯಾಟ್‌ನಲ್ಲಿ ಅವನು ಏನೇ ರೀಸೆಟ್ ಮಾಡಲಿ, ಡಬ್ಬಿ ಮತ್ತೆ ಲೈನು ಹಿಡಿಯಿತೆಂದರೆ ನಮ್ಮ ರೂಟರ್ ಎದ್ದು ನಿಲ್ಲುತ್ತದೆ. ಆ ಒಂದು ಗುಣಕ್ಕೆ ನನ್ನ ಓಟು ಡಬಲ್ ನ್ಯಾಟ್‌ಗೆ.

ಕೂರಿಸುವ ಕೆಲಸ ಊಟದ ಹೊತ್ತಿನೊಳಗೆ ಮುಗಿಯುತ್ತದೆ, ಒಂದು ಕಡೆ ಎಚ್ಚರವಿದ್ದರೆ. ಹೊಸ ರೂಟರನ್ನು ಮೊದಲು ಕಂಪನಿ ಡಬ್ಬಿಗೆ ಸೇರಿಸಲೇಬೇಡಿ. ಅದಕ್ಕೆ ಕರೆಂಟ್ ಮಾತ್ರ ಕೊಟ್ಟು, ಅದರ ಲ್ಯಾನ್ ತೂತಿಗೆ ಲ್ಯಾಪ್‌ಟಾಪ್ ಚುಚ್ಚಿ, ಅದರ ಸ್ವಂತ ವಿಳಾಸ ಏನೆಂದು ನೋಡಿ. ಏರ್‌ಟೆಲ್‌ನ ಡಬ್ಬಿ ಸಾಮಾನ್ಯವಾಗಿ 192.168.1.1ರಲ್ಲಿರುತ್ತದೆ, ಜಿಯೋದ್ದು 192.168.29.1ರಲ್ಲಿ. ಅಂಗಡಿಯ ರೂಟರುಗಳಲ್ಲಿ ಟಿಪಿ-ಲಿಂಕ್ ಹೆಚ್ಚಾಗಿ 192.168.0.1, ಏಸುಸ್ 192.168.50.1, ಮೈಕ್ರೊಟಿಕ್ 192.168.88.1, ಓಪನ್‌ವರ್ಟ್ ಎಂಬ ತಂತ್ರಾಂಶ ಹಾಕಿದ್ದರೆ 192.168.1.1. ಎರಡೂ ಡಬ್ಬಿ ಒಂದೇ ಸರಣಿಯಲ್ಲಿದ್ದರೆ ನಮ್ಮ ರೂಟರಿಗೆ ಹೊರಗೂ ಒಳಗೂ ಒಂದೇ ಊರು ಕಾಣುತ್ತದೆ, ಕಾಗದವನ್ನು ಯಾವ ಕಡೆ ಕಳಿಸಬೇಕೆಂದು ತಿಳಿಯದೆ ಕಕ್ಕಾಬಿಕ್ಕಿಯಾಗುತ್ತದೆ. ಈಚಿನ ಕೆಲವು ರೂಟರುಗಳು ಇದನ್ನು ತಾವೇ ಕಂಡು ಸರಿದು ಕೂರುತ್ತವೆ. ನಂಬಿ ಕೂರುವುದಕ್ಕಿಂತ ನಾವೇ ಬದಲಿಸುವುದು ಮೇಲು. ಯಾವ ಕಂಪನಿಯೂ ಸಾಮಾನ್ಯವಾಗಿ ಮುಟ್ಟದ 10.20.30.1ರಂಥ ವಿಳಾಸ ಕೊಟ್ಟುಬಿಡಿ. ನಾಳೆ ಕಂಪನಿ ಬದಲಾದರೂ ತಾಗುವುದಿಲ್ಲ.

ಆಮೇಲೆ ಕಂಪನಿ ಡಬ್ಬಿಯ ಲ್ಯಾನ್ ತೂತಿನಿಂದ ಒಂದು ತಂತಿ ನಮ್ಮ ರೂಟರಿನ ವ್ಯಾನ್ ತೂತಿಗೆ. ವ್ಯಾನ್‌ಗೇ. ಮಾಮೂಲಾಗಿ ಅದು ಬೇರೆ ಬಣ್ಣದ್ದು, ಗುಂಪಿನಿಂದ ತುಸು ದೂರ ಇರುತ್ತದೆ. ತಪ್ಪಿ ಲ್ಯಾನ್‌ಗೆ ಚುಚ್ಚಿದರೆ ಒಂದೇ ಮನೆಯಲ್ಲಿ ವಿಳಾಸ ಹಂಚುವವರು ಇಬ್ಬರಾಗುತ್ತಾರೆ: ಫೋನ್ ನಡೆಯುತ್ತದೆ, ಟಿವಿ ನಡೆಯುವುದಿಲ್ಲ, ಸಂಜೆಗೆ ತಿರುವುಮುರುವು. ಸಂಪರ್ಕದ ಬಗೆ ಕೇಳಿದಾಗ 'ಆಟೊಮ್ಯಾಟಿಕ್ ಐಪಿ' ಆರಿಸಿ. ಪಿಪಿಪಿಓಇ ಇಲ್ಲಿ ಬೇಡ, ಆ ಲಾಗಿನ್ ಕಂಪನಿ ಡಬ್ಬಿಯೇ ಮಾಡಿಕೊಂಡಿದೆ. ಸ್ಟೇಟಸ್ ಪುಟದಲ್ಲಿ ವ್ಯಾನ್ ವಿಳಾಸ ಬಂತೆಂದರೆ ಆಯಿತು.

ಕೊನೆಯದಾಗಿ ಕಂಪನಿ ಡಬ್ಬಿಯ ವೈಫೈ ಆರಿಸಿ. ಇದನ್ನು ಮಾಡದವರೇ ಹೆಚ್ಚು, ಆಮೇಲೆ ಬಂದು ದೂರುವವರೂ ಅವರೇ. ಎರಡೂ ಉರಿಯುತ್ತಿದ್ದರೆ ಫೋನು ಒಂದರಲ್ಲಿ, ಟಿವಿ ಇನ್ನೊಂದರಲ್ಲಿ ಕೂತು, ಫೋನಿನ ವಿಡಿಯೊ ಟಿವಿಗೆ ಹಾರುವುದಿಲ್ಲ, ಪ್ರಿಂಟರ್ ಕಾಣುವುದಿಲ್ಲ. 2.4 ಗಿಗಾಹರ್ಟ್ಸ್‌ನಲ್ಲಿ ಒಂದಕ್ಕೊಂದು ತಾಗದ ಚಾನೆಲ್‌ಗಳೇ ಮೂರು: 1, 6, 11. ಅಕ್ಕಪಕ್ಕದ ಮನೆಯವರು ಅವನ್ನು ಆಗಲೇ ತುಂಬಿರುವಾಗ ನಮ್ಮ ಮನೆಯಿಂದಲೇ ಎರಡು ಕೂಗು ಯಾಕೆ? ಆರಿಸಿದ ಮೇಲೆ ಹೊಸ ರೂಟರಿಗೆ ಹಳೆಯ ವೈಫೈಯ ಹೆಸರು, ಪಾಸ್‌ವರ್ಡುಗಳನ್ನು ಅಕ್ಷರ ತಪ್ಪದೆ ಕೊಡಿ. ಯಾವ ಯಂತ್ರವನ್ನೂ ಮುಟ್ಟಬೇಕಿಲ್ಲ, ಎಲ್ಲವೂ ತಾವಾಗಿ ಬಂದು ಸೇರುತ್ತವೆ. ಇದು ನನಗೆ ಬಹಳ ಇಷ್ಟವಾದ ಚಮತ್ಕಾರ. ವಿನಾಯಿತಿಯೊಂದುಂಟು. ಅಗ್ಗದ ಕ್ಯಾಮೆರಾ, ಸ್ಮಾರ್ಟ್ ಬಲ್ಬುಗಳ ಹಿಂಡು ಮನೆಯಲ್ಲಿದ್ದರೆ ಕಂಪನಿ ಡಬ್ಬಿಯ 2.4ನ್ನು ಬೇರೆ ಹೆಸರಿನಲ್ಲಿ ಉಳಿಸಿ ಅವನ್ನು ಅಲ್ಲೇ ಬಿಡಬಹುದು. ನಮ್ಮ ರೂಟರಿನ ಆಚೆ ಇರುವ ಅವು ತಾವಾಗಿ ಲ್ಯಾಪ್‌ಟಾಪಿನ ಬಾಗಿಲು ತಟ್ಟಲಾರವು. ಪಾಪವೆಂದು ಬೈಸಿಕೊಂಡ ಡಬಲ್ ನ್ಯಾಟ್ ಇಲ್ಲಿ ಕಾವಲು ಕಾಯುತ್ತದೆ.

ತಂತಿಯ ವಿಷಯದಲ್ಲಿ ನಾನು ಜಿಪುಣರ ಶತ್ರು. ಇನ್ನೂರರ ಪ್ಲಾನು ಹಾಕಿಸಿಯೂ ಸ್ಪೀಡ್ ಟೆಸ್ಟು 94ಕ್ಕೋ 95ಕ್ಕೋ ಬಂದು ನಿಂತರೆ ಕಂಪನಿಯನ್ನು ಬೈಯುವ ಮೊದಲು ತಂತಿ ನೋಡಿ. ಆ ಅಂಕಿ ಕಂಡೊಡನೆ ರೋಗ ತಿಳಿಯುತ್ತದೆ. ಎಲ್ಲೋ ಒಂದು ಕಡೆ ಕೊಂಡಿ ನೂರಕ್ಕೆ ಇಳಿದಿದೆ. ಗಿಗಾಬಿಟ್‌ಗೆ ತಂತಿಯೊಳಗಿನ ಎಂಟೂ ಎಳೆ ಬೇಕು, ನೂರಕ್ಕೆ ನಾಲ್ಕು ಸಾಕು. ಕ್ರಿಂಪ್ ಮಾಡುವಾಗ ಒಂದು ಎಳೆ ಸರಿಯಾಗಿ ಕೂರದಿದ್ದರೂ ಸದ್ದಿಲ್ಲದೆ ನೂರಕ್ಕೆ ಇಳಿಯುತ್ತದೆ. ಇಲ್ಲವೇ ರೂಟರಿನ ವ್ಯಾನ್ ತೂತೇ ನೂರರದ್ದು. ಅಗ್ಗದ ಮಾಡೆಲ್‌ಗಳಲ್ಲಿ ಇದು ಈಗಲೂ ಉಂಟು, ಡಬ್ಬದ ಮೇಲೆ ವೈಫೈಯ ದೊಡ್ಡ ದೊಡ್ಡ ಅಂಕಿಗಳ ಕೆಳಗೆ ಸಣ್ಣಕ್ಷರದಲ್ಲಿ '10/100' ಎಂದಿರುತ್ತದೆ. ಬೆಂಗಳೂರಿನ ಎಸ್‌.ಪಿ. ರಸ್ತೆಯಲ್ಲಿ ಕ್ಯಾಟ್6 ಕೇಬಲ್ ಕೇಳುವವರು 'ಪೂರ್ತಿ ತಾಮ್ರದ್ದು' ಎಂದು ಒತ್ತಿ ಹೇಳಿ. ಅಲ್ಯುಮಿನಿಯಂ ಎಳೆಗೆ ತಾಮ್ರದ ಲೇಪ ಕೊಟ್ಟದ್ದೂ ಕ್ಯಾಟ್6 ಎಂಬ ಹೆಸರಿನಲ್ಲೇ ಮಾರಾಟವಾಗುತ್ತದೆ. ಬ್ಲೇಡಿನಿಂದ ಎಳೆಯನ್ನು ಕೆರೆದರೆ ಒಳಗೆ ಬೆಳ್ಳಗೆ ಕಾಣುತ್ತದೆ. ಬೆಳ್ಳಗೆ ಕಂಡರೆ ಅಂಗಡಿಯವರಿಗೆ ನಮಸ್ಕಾರ ಹೇಳಿ ಹೊರಡಿ.

ಆ ತಂತಿಯೇ ನಮಗೆ ಸ್ವಾತಂತ್ರ್ಯ ಕೊಡುವುದು. ಕಂಪನಿ ಡಬ್ಬಿ ಕೂರುವುದು ಫೈಬರ್ ಒಳಗೆ ಬಂದಲ್ಲಿ, ಹೆಚ್ಚಾಗಿ ಮುಂಬಾಗಿಲ ಮೇಲೆ ಅಥವಾ ಮೆಟ್ಟಿಲ ಮೂಲೆಯಲ್ಲಿ. ಅಲ್ಲಿಂದ ಅದರ ಅರ್ಧ ವೈಫೈ ಬೀದಿಗೆ ಹೋಗುತ್ತದೆ. ಕರಾವಳಿಯ ಕೆಂಪುಕಲ್ಲಿನ ಗೋಡೆ, ತುಮಕೂರು ಕಡೆಯ ಸೈಜುಗಲ್ಲಿನ ಗೋಡೆಗಳು 5 ಗಿಗಾಹರ್ಟ್ಸ್‌ಗೆ ದಾರಿ ಕೊಡುವಂಥವಲ್ಲ. ನಮ್ಮ ರೂಟರನ್ನು ನಡುಮನೆಗೆ, ಎದೆಯೆತ್ತರಕ್ಕಿಂತ ಮೇಲೆ, ಟಿವಿಯ ಹಿಂದಲ್ಲದೆ, ಬೀರುವಿನ ಮೇಲೂ ಅಲ್ಲದೆ ಇಟ್ಟರೆ ಆ್ಯಂಟೆನಾಗಳ ಸಂಖ್ಯೆ ಎಣಿಸುವ ಪ್ರಮೇಯ ಬರುವುದಿಲ್ಲ.

ರೂಟರ್ ಆರಿಸುವ ಮಾತು ಬಂದಾಗ ನಮ್ಮಂಥ ಹುಚ್ಚರು ಲಿಂಕ್‌ಸಿಸ್ ಡಬ್ಲ್ಯೂಆರ್‌ಟಿ54ಜಿಯನ್ನು ನೆನೆಯದೆ ಇರಲಾರೆವು. 2002ರ ಕೊನೆಯಲ್ಲಿ ಬಂದ ಆ ನೀಲಿ-ಕಪ್ಪು ಡಬ್ಬಿಯೊಳಗೆ ಲಿನಕ್ಸ್ ಇರುವುದು ಹವ್ಯಾಸಿಗಳಿಗೆ ಗೊತ್ತಾಯಿತು. ಲಿನಕ್ಸಿನ ಲೈಸೆನ್ಸಿನ ಪ್ರಕಾರ 2003ರಲ್ಲಿ ಕಂಪನಿ ಅದರ ಸೋರ್ಸ್ ಕೋಡ್ ಬಿಟ್ಟುಕೊಡಬೇಕಾಯಿತು, ಅದನ್ನೇ ಹಿಡಿದು 2004ರಲ್ಲಿ ಓಪನ್‌ವರ್ಟ್ ಶುರುವಾಯಿತು. ತಯಾರಕರು ಕೈಬಿಟ್ಟ ಎಷ್ಟೋ ಹಳೆಯ ರೂಟರುಗಳು ಇಂದಿಗೂ ಅದರ ಕೃಪೆಯಿಂದ ಉಸಿರಾಡುತ್ತಿವೆ. ಕೊಳ್ಳುವ ಮುನ್ನ ನಾನು ನೋಡುವುದು ಎರಡೇ: ಎಲ್ಲ ತೂತುಗಳೂ ಗಿಗಾಬಿಟ್ಟೇ, ಮತ್ತು ಓಪನ್‌ವರ್ಟ್ ಪಟ್ಟಿಯಲ್ಲಿ ಇದೆಯೇ.

ಓಪನ್‌ವರ್ಟ್‌ನ ಮೇಲೆ ಈ ಆಸೆ ಬರೀ ಸ್ವಾಭಿಮಾನದ್ದಲ್ಲ. ಮಗಳು ಆನ್‌ಲೈನ್ ಸಂದರ್ಶನದಲ್ಲಿರುವಾಗ ಅಪ್ಪನ ಫೋನು ಮದುವೆಯ ಫೋಟೋಗಳನ್ನೆಲ್ಲ ಕ್ಲೌಡಿಗೆ ಏರಿಸತೊಡಗಿದರೆ ಅವಳ ಮಾತು ತುಂಡಾಗುತ್ತದೆ. ಲೈನಿನಲ್ಲಿ ಜಾಗವಿಲ್ಲದ್ದಷ್ಟೇ ಕಾರಣವಲ್ಲ. ಡಬ್ಬಿಯೊಳಗೆ ಉದ್ದನೆಯ ಸರದಿ ನಿಂತು, ಅವಳ ಪುಟ್ಟ ಧ್ವನಿಪೊಟ್ಟಣ ಆ ಫೋಟೋಗಳ ಹಿಂದೆ ಕಾಯುತ್ತದೆ. 2010ರಲ್ಲಿ ಜಿಮ್ ಗೆಟ್ಟಿಸ್ ತಮ್ಮ ಮನೆಯ ಸಂಪರ್ಕದಲ್ಲೇ ಈ ಕಾಯಿಲೆಯನ್ನು ಪತ್ತೆಹಚ್ಚಿ 'ಬಫರ್‌ಬ್ಲೋಟ್' ಎಂದು ಹೆಸರಿಟ್ಟರು. 2012ರಲ್ಲಿ ಕ್ಯಾಥ್ಲೀನ್ ನಿಕೋಲ್ಸ್ ಮತ್ತು ವ್ಯಾನ್ ಜೇಕಬ್ಸನ್ 'ಕೋಡೆಲ್' ಎಂಬ ಮದ್ದು ಕೊಟ್ಟರು: ಸರದಿ ಎಷ್ಟು ಉದ್ದವಿದೆ ಎನ್ನುವುದಲ್ಲ, ಪೊಟ್ಟಣ ಎಷ್ಟು ಹೊತ್ತು ಕಾಯಿತು ಎನ್ನುವುದನ್ನು ಅಳೆಯಬೇಕು. ಅದರ ಮುಂದಿನ ಪೀಳಿಗೆಗಳು ಓಪನ್‌ವರ್ಟ್‌ನಲ್ಲಿ ಎಸ್‌ಕ್ಯೂಎಂ ಎಂಬ ಹೆಸರಿನಡಿ ಸಿಗುತ್ತವೆ. ಪ್ಲಾನಿನ ವೇಗಕ್ಕಿಂತ ಐದೋ ಹತ್ತೋ ಪರ್ಸೆಂಟ್ ಕಡಿಮೆ ಅಂಕಿ ಬರೆಯಬೇಕು, ಸರದಿ ಅವರ ಡಬ್ಬಿಯಲ್ಲಿ ನಿಲ್ಲದೆ ನಮ್ಮಲ್ಲಿ ನಿಲ್ಲಲಿ ಎಂದು. ಅಂದರೆ ಸ್ಪೀಡ್ ಟೆಸ್ಟಿನಲ್ಲಿ ತುಸು ಕಡಿಮೆ ಬರುತ್ತದೆ. ಮಾತು ಮಾತ್ರ ತುಂಡಾಗುವುದಿಲ್ಲ. ಸ್ಪೀಡ್ ಟೆಸ್ಟಿನ ಮುಳ್ಳನ್ನು ಪೂಜಿಸುವವರಿಗೆ ಇದನ್ನು ಒಪ್ಪಿಸುವುದು ನನಗಿನ್ನೂ ಸಾಧ್ಯವಾಗಿಲ್ಲ.

ಭದ್ರತೆಯ ಬಗ್ಗೆ ಚಿಕ್ಕದಾಗಿ. ಕಂಪನಿಗಳು ಡಬ್ಬಿಗಳನ್ನು ದೂರದಿಂದ ನೋಡಿಕೊಳ್ಳಲು ಟಿಆರ್-069 ಎಂಬ ಪದ್ಧತಿ ಬಳಸುತ್ತವೆ. ಅದರ ಸದುದ್ದೇಶದಲ್ಲಿ ಸಂಶಯವಿಲ್ಲ. ಆದರೆ 2016ರ ನವೆಂಬರಿನಲ್ಲಿ ಮಿರಾಯ್ ಎಂಬ ಕುತಂತ್ರಾಂಶದ ತಳಿಯೊಂದು ಅದೇ ಬಾಗಿಲನ್ನು, ಅಂದರೆ 7547ನೇ ಪೋರ್ಟನ್ನು ತಡಕಾಡಿ, ಜರ್ಮನಿಯ ಡಾಯ್ಚ ಟೆಲಿಕಾಂನ ಸುಮಾರು 9 ಲಕ್ಷ ಗ್ರಾಹಕರ ಸಂಪರ್ಕ ಕೆಡಿಸಿತ್ತು. ಹಿಂದೆ ನಮ್ಮದೊಂದು ರೂಟರಿದ್ದರೆ ಅವರ ಡಬ್ಬಿ ಕೆಟ್ಟವರ ಕೈಗೆ ಹೋದರೂ ನಮ್ಮ ಹಾರ್ಡ್ ಡಿಸ್ಕಿಗೂ ಅವರಿಗೂ ನಡುವೆ ಇನ್ನೊಂದು ಗೋಡೆ. ಆ ಗೋಡೆಗೆ ಅಪ್‌ಡೇಟ್ ಹಾಕುವವರು ಇನ್ನು ಮುಂದೆ ನಾವೇ. ಕೊಂಡಮೇಲೆ ಒಮ್ಮೆಯೂ ಅಪ್‌ಡೇಟ್ ಮಾಡದವರಿಗೆ ಕಂಪನಿ ಡಬ್ಬಿಯೇ ವಾಸಿ.

ಐಪಿವಿ6ರ ಕಥೆ ಬೇರೆ. ಕಂಪನಿ ಡಬ್ಬಿ ತನ್ನ ಹಿಂದಿನ ರೂಟರಿಗೆ ವಿಳಾಸದ ಸರಣಿಯೊಂದನ್ನು ಹಂಚಿಕೊಟ್ಟರೆ ಸರಿ; ಕೊಡದಿದ್ದರೆ ನಮ್ಮ ಒಳಮನೆಗೆ ಐಪಿವಿ6 ಸುಲಭಕ್ಕೆ ಬಾರದು. ಬಹುಪಾಲು ಮನೆಗಳಿಗೆ ಅದರಿಂದ ಇವತ್ತು ಕಾಣುವ ನಷ್ಟವೇನಿಲ್ಲ.

ಕರೆಂಟಿನ ಲೆಕ್ಕ ಮರೆಯಬಾರದು, ಈಗ ಬದುಕಿರಬೇಕಾದ ಡಬ್ಬಿ ಎರಡು. ಕಂಬದ ಮೇಲಿನ ಸ್ಪ್ಲಿಟರಿಗೆ ಕರೆಂಟೇ ಬೇಡ. ಕೇಂದ್ರದಲ್ಲಿ ಬ್ಯಾಟರಿಯಿದ್ದು ಮನೆಯಲ್ಲಿ ಪುಟ್ಟ ಮಿನಿ ಯುಪಿಎಸ್ ಇದ್ದರೆ ಇಡೀ ಬೀದಿ ಕತ್ತಲಾದರೂ ಇಂಟರ್ನೆಟ್ ನಡೆಯುತ್ತದೆ. ಎರಡೂ ಡಬ್ಬಿಯ ಅಡಾಪ್ಟರಿನ ಮೇಲಿರುವ ವೋಲ್ಟ್, ಆಂಪಿಯರ್ ಓದಿ, ವೋಲ್ಟ್ ಹೊಂದುವಂತೆ, ಆಂಪಿಯರ್ ಕೂಡಿಕೊಂಡು ಯುಪಿಎಸ್ ಆರಿಸಿ. 12 ವೋಲ್ಟಿನ ಪಿನ್ನನ್ನು 9ರದಕ್ಕೆ ಚುಚ್ಚಿ ಸುಟ್ಟವರಿಗೆ ವಾರಂಟಿ ಕೊಡುವವರಿಲ್ಲ.

ಇದು ಎಲ್ಲರಿಗೂ ಬೇಕೆ? ಬೇಡ. ಒಂದು ಬೆಡ್‌ರೂಮಿನ ಫ್ಲ್ಯಾಟು, ಎರಡು ಫೋನು, ಒಂದು ಟಿವಿ ಇರುವವರು ಆ ದುಡ್ಡಿಗೆ ಒಳ್ಳೆಯ ಕುರ್ಚಿ ಕೊಳ್ಳಲಿ. ವೈಫೈ ದೂರ ಹೋದರೆ ಸಾಕು, ಬೇರೇನೂ ಬೇಡ ಎನ್ನುವವರು ಹೊಸ ರೂಟರನ್ನು ಆಕ್ಸೆಸ್ ಪಾಯಿಂಟ್ ಮೋಡಿಗೆ ಹಾಕಿದರೆ ನ್ಯಾಟ್‌ನ ತಾಪತ್ರಯವೇ ಇಲ್ಲ.

ಹಾಕಿಕೊಂಡವರಿಗೆ ಒಂದು ಮಾತು. ಇಂಟರ್ನೆಟ್ ಕೈಕೊಟ್ಟ ದಿನ ಕಸ್ಟಮರ್ ಕೇರ್‌ನವರು "ನೀವು ಬೇರೆ ರೂಟರ್ ಹಾಕ್ಕೊಂಡಿದ್ದೀರಲ್ಲ ಸಾರ್, ಪ್ರಾಬ್ಲಮ್ ಅದ್ರಿಂದ್ಲೇ" ಎಂದು ಶುರುಮಾಡುತ್ತಾರೆ. ಫೋನ್ ಮಾಡುವ ಮೊದಲೇ ಕಂಪನಿ ಡಬ್ಬಿಗೆ ನೇರವಾಗಿ ಲ್ಯಾಪ್‌ಟಾಪ್ ಚುಚ್ಚಿ ನೋಡಿ. ಲಾಸ್ ಎಂದು ಬರೆದ ಕಡೆ ಕೆಂಪು ದೀಪ ಮಿನುಗುತ್ತಿದ್ದರೆ ಬೆಳಕೇ ಬರುತ್ತಿಲ್ಲ, ವಾದ ಅಲ್ಲಿಗೆ ಮುಗಿಯಿತು. ದೀಪ ಹಸಿರಿದ್ದೂ ತಡವರಿಸುತ್ತಿದ್ದರೆ ಡಬ್ಬಿಯ ಪುಟದಲ್ಲಿ ಆರ್‌ಎಕ್ಸ್ ಪವರ್ ಎಂಬ ಸಾಲು ಹುಡುಕಿ. ಮೈನಸ್ 20ರ ಆಸುಪಾಸು ಆರೋಗ್ಯ, ಮೈನಸ್ 27ಕ್ಕೆ ಇಳಿದರೆ ಜಿಪಾನ್ ಡಬ್ಬಿಗೆ ಉಸಿರು ಕಟ್ಟುತ್ತಿದೆ ಎಂದರ್ಥ. ಎಲ್ಲೋ ಎಳೆ ಮಡಿಸಿದೆ, ಇಲ್ಲವೇ ಹಸಿರು ತಲೆಯ ಕನೆಕ್ಟರಿಗೆ ಕೊಳೆ ಕೂತಿದೆ. ಅದನ್ನು ಕಿತ್ತು ಕಣ್ಣಿನ ಹತ್ತಿರ ಹಿಡಿದು ನೋಡುವ ಕೆಲಸ ಬೇಡ, ಆ ಬೆಳಕು ಕಣ್ಣಿಗೆ ಕಾಣುವಂಥದ್ದಲ್ಲ, ಅಪಾಯ ಮಾತ್ರ ಇದ್ದದ್ದೇ. ಅಂಕಿಯನ್ನು ಚೀಟಿಯಲ್ಲಿ ಬರೆದಿಟ್ಟುಕೊಂಡು ಫೋನಿನಲ್ಲಿ ಅದನ್ನೇ ಮೊದಲು ಓದಿ ಹೇಳಿ. ನಿಮ್ಮ ರೂಟರಿನ ಮಾತು ಮತ್ತೆ ಎದ್ದರೆ, ಅದನ್ನು ಆಗಲೇ ಕಿತ್ತಿಟ್ಟು ನೋಡಿದ್ದಾಯಿತು ಎನ್ನಿ.